ಟೆಕ್ಸಾಸಿನ ಕಪ್ಪು ಹುಲ್ಲುಗಾವಲಿನ ಮಣ್ಣು: ಪದೇ ಪದೇ ಕೇಳುವ ಪ್ರಶ್ನೆಗಳು

ಡಲ್ಲಾಸ್, ಆಸ್ಟಿನ್ ಕಡೆ ಮನೆ ಮಾಡಿರುವ ಕನ್ನಡಿಗರು ಹಿತ್ತಲಲ್ಲಿ ಗುದ್ದಲಿ ಹಾಕಿದ ಮೊದಲ ದಿನವೇ ಈ ಮಣ್ಣಿನ ಬಗ್ಗೆ ಕೇಳಲು ಶುರು ಮಾಡುತ್ತಾರೆ. ಉತ್ತರ ಕರ್ನಾಟಕದವರಾದರೆ "ಇದು ನಮ್ಮ ಎರಿ ಮಣ್ಣಲ್ಲೇನು?" ಅನ್ನುತ್ತಾರೆ. ಮಲೆನಾಡು, ಕರಾವಳಿಯವರಿಗೆ ಮಾತ್ರ ಇದು ಪೂರ್ತಿ ಹೊಸದು. ಇಬ್ಬರಿಗೂ ಉಪಯೋಗಕ್ಕೆ ಬರಲಿ ಅಂತ ಈ ಪುಟ.

ಈ ಮಣ್ಣು ಎಲ್ಲಿದೆ?

ಟೆಕ್ಸಾಸಿನ ನಡುಭಾಗದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಒಂದು ಉದ್ದನೆಯ ಪಟ್ಟಿ ಇದೆ. ಡಲ್ಲಾಸಿನ ಉತ್ತರಕ್ಕೆ ಶುರುವಾಗಿ ವೇಕೊ, ಟೆಂಪಲ್, ಆಸ್ಟಿನ್ ದಾಟಿ ಸ್ಯಾನ್ ಆಂಟೋನಿಯೊವರೆಗೆ ಹೋಗುತ್ತದೆ. ಇದನ್ನು ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಅನ್ನುತ್ತಾರೆ. ಐ-35 ಹೆದ್ದಾರಿ ಹೆಚ್ಚು ಕಡಿಮೆ ಇದರ ಪಶ್ಚಿಮದ ಅಂಚಿನಲ್ಲೇ ಸಾಗುತ್ತದೆ. ಆಸ್ಟಿನ್ನಿನಲ್ಲಿ ಹೆದ್ದಾರಿಯ ಪೂರ್ವಕ್ಕೆ ಹೋದರೆ ಕಪ್ಪು ಜೇಡಿ, ಪಶ್ಚಿಮದ ಗುಡ್ಡಗಳಿಗೆ ಹೋದರೆ ತೆಳ್ಳನೆ ಮಣ್ಣು ಮತ್ತು ಬರೀ ಕಲ್ಲು.

ಈ ಪಟ್ಟಿಯಲ್ಲಿ ಹಲವು ಜಾತಿಯ ಮಣ್ಣುಗಳಿವೆ. ಅವುಗಳಲ್ಲಿ ಹೆಸರಾದದ್ದು ಹೂಸ್ಟನ್ ಬ್ಲ್ಯಾಕ್. ಸುಮಾರು 15 ಲಕ್ಷ ಎಕರೆ ಇದೆ. ಟೆಕ್ಸಾಸಿನ ಮಣ್ಣು ಅಂದರೆ ಇದೇ ಅನ್ನುವಷ್ಟು ಮಣ್ಣು ವಿಜ್ಞಾನಿಗಳಿಗೆ ಇದರ ಮೇಲೆ ಅಭಿಮಾನ. ಹೆಸರು ನೋಡಿ ಹೂಸ್ಟನ್ ನಗರದಲ್ಲಿ ಹುಡುಕಬೇಡಿ. ಅಲ್ಲಿಯದೂ ಉಬ್ಬಿ ಕುಗ್ಗುವ ಕಪ್ಪು ಜೇಡಿಯೇ, ಆದರೆ ಕರಾವಳಿಯ ಹೂಳಿನಿಂದ ಆದದ್ದು. ಸುಣ್ಣಕಲ್ಲಿಗೂ ಅದಕ್ಕೂ ಸಂಬಂಧ ಇಲ್ಲ.

ಕೆಳಗೆ ಬಿಳಿ ಸುಣ್ಣಕಲ್ಲು, ಮೇಲೆ ಕಪ್ಪು ಮಣ್ಣು. ಇದು ಹೇಗಾಯಿತು?

ಸುಮಾರು 8-9 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರ ಇತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಜೀವಿಗಳ ಸುಣ್ಣದ ಚಿಪ್ಪುಗಳು ತಳಕ್ಕೆ ಬಿದ್ದು ಕೂಡಿಕೊಂಡವು. ಅದೇ ಇವತ್ತಿನ ಆಸ್ಟಿನ್ ಚಾಕ್, ಅಂದರೆ ಮೆತ್ತನೆಯ ಬಿಳಿ ಸುಣ್ಣಕಲ್ಲು. ಸಮುದ್ರದಲ್ಲಿ ಜೇಡಿ ಜಾಸ್ತಿ ಬಂದು ಬಿದ್ದ ಕಾಲದಲ್ಲಿ ಸುಣ್ಣ ಮತ್ತು ಜೇಡಿ ಬೆರೆತ ಪದರಗಳಾದವು. ಇವುಗಳಿಗೆ ಮಾರ್ಲ್ ಅನ್ನುತ್ತಾರೆ. ಕೆಲವು ಪದರಗಳಲ್ಲಿ ಜ್ವಾಲಾಮುಖಿಯ ಬೂದಿಯೂ ಇದೆ. ಆ ಬೂದಿ ಕಾಲಕ್ರಮೇಣ ಮಾರ್ಪಟ್ಟು ಆದ ಜೇಡಿಯೇ ಅತಿ ಹೆಚ್ಚು ಉಬ್ಬುವ ಜಾತಿಯದು.

ಆಮೇಲೆ ಸಮುದ್ರ ಹಿಂದೆ ಸರಿಯಿತು, ಕಲ್ಲು ಮಳೆಗೆ ತೆರೆದುಕೊಂಡಿತು. ಮಳೆನೀರು ಮಣ್ಣಿನಲ್ಲಿರುವ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಸುಣ್ಣವನ್ನು ಕರಗಿಸಿಕೊಂಡು ಹೋಗುತ್ತದೆ, ಜೇಡಿ ಕರಗುವುದಿಲ್ಲ. ಹೀಗೆ ಸುಣ್ಣ ಹೋದಷ್ಟೂ ಜೇಡಿ ಉಳಿಯುತ್ತಾ ಬಂತು. ಬರೀ ಸುಣ್ಣಕಲ್ಲಿನ ಮೇಲೆ ಹೀಗೆ ಉಳಿಯುವ ಜೇಡಿ ಕಡಿಮೆ, ಅದಕ್ಕೇ ಅಲ್ಲಿ ಮಣ್ಣು ತೆಳ್ಳಗೆ. ಮಾರ್ಲ್ ಇದ್ದಲ್ಲಿ ಆಳವಾದ ಮಣ್ಣು. ಹೂಸ್ಟನ್ ಬ್ಲ್ಯಾಕ್ ಆಗಿರುವುದು ಇಂಥ ಮಾರ್ಲ್ ಮೇಲೆಯೇ.

ಅದರ ಮೇಲೆ ಸಾವಿರಾರು ವರ್ಷ ಆಳೆತ್ತರದ ಹುಲ್ಲು ಬೆಳೆಯಿತು. ಹುಲ್ಲಿನ ಬೇರು ಪ್ರತಿ ವರ್ಷ ಸಾಯುತ್ತದೆ, ಮತ್ತೆ ಹುಟ್ಟುತ್ತದೆ. ಸತ್ತ ಬೇರು ಮಣ್ಣಿನೊಳಗೇ ಕೊಳೆತು ಜೇಡಿಗೆ ಅಂಟಿಕೊಂಡು ಕಪ್ಪು ಬಣ್ಣ ಕೊಟ್ಟಿತು. ಕಾಡಿನಲ್ಲಾದರೆ ಎಲೆ ಮೇಲೆ ಬೀಳುತ್ತದೆ, ಕಪ್ಪು ಮೇಲಿನ ಗೇಣಿನಷ್ಟಕ್ಕೇ ನಿಲ್ಲುತ್ತದೆ. ಇಲ್ಲಿ ಬೇರು ಆಳಕ್ಕೆ ಇಳಿದದ್ದರಿಂದ ಕಪ್ಪೂ ಆಳಕ್ಕೆ ಇಳಿದಿದೆ.

ಇಷ್ಟು ಕಪ್ಪಗಿದೆ ಅಂದರೆ ಸಾವಯವ ಅಂಶ ತುಂಬಾ ಇದೆ ಅಂತಲೇ?

ಅಷ್ಟೇನೂ ಇಲ್ಲ. ಇದು ತುಂಬಾ ಜನ ಮೋಸ ಹೋಗುವ ವಿಷಯ. ಈ ಜಾತಿಯ ಜೇಡಿಗೆ ಸ್ವಲ್ಪ ಸಾವಯವ ಅಂಶ ಅಂಟಿಕೊಂಡರೂ ಸಾಕು, ಕಡುಕಪ್ಪಾಗಿ ಕಾಣುತ್ತದೆ. ಸುಣ್ಣದ ಅಂಶವೂ ಅದನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಉಳದೇ ಬಿಟ್ಟ ಹುಲ್ಲುಗಾವಲಿನಲ್ಲಿ ಸಾವಯವ ಅಂಶ ಚೆನ್ನಾಗಿಯೇ ಇದೆ. ಆದರೆ ನೂರು ವರ್ಷ ಹತ್ತಿ ಬೆಳೆದ ಹೊಲದಲ್ಲಿ ಅದರ ದೊಡ್ಡ ಪಾಲು ಹೋಗಿದೆ. ಬಣ್ಣ ಮಾತ್ರ ಹಾಗೇ ಉಳಿದಿದೆ. ಬಣ್ಣ ನೋಡಿ ಗೊಬ್ಬರ ನಿಲ್ಲಿಸಬೇಡಿ.

ಬೇಸಿಗೆಯಲ್ಲಿ ಅಷ್ಟು ದೊಡ್ಡ ಬಿರುಕು ಯಾಕೆ ಬೀಳುತ್ತದೆ?

ಮಣ್ಣಿನ ಅರ್ಧಕ್ಕಿಂತ ಹೆಚ್ಚು ಪಾಲು ಜೇಡಿ. ಆ ಜೇಡಿಯಲ್ಲೂ ಸ್ಮೆಕ್ಟೈಟ್ ಅನ್ನುವ ಖನಿಜ ಜಾಸ್ತಿ. ಇದರ ಒಂದೊಂದು ಕಣವೂ ಚಿರೋಟಿಯ ಹಾಗೆ ಪದರ ಪದರ. ಪದರಗಳ ನಡುವೆ ನೀರು ನುಗ್ಗಿದರೆ ದೂರ ಸರಿಯುತ್ತವೆ, ನೀರು ಹೋದರೆ ಹತ್ತಿರ ಬರುತ್ತವೆ. ಒಂದು ಕಣದಲ್ಲಿ ಆಗುವುದು ತೀರಾ ಸಣ್ಣ ಬದಲಾವಣೆ. ಆದರೆ ಇಡೀ ಹೊಲದಲ್ಲಿ ಒಟ್ಟಿಗೆ ಆದಾಗ ನೆಲವೇ ಏರಿಳಿಯುತ್ತದೆ.

ಹೂಸ್ಟನ್ ಬ್ಲ್ಯಾಕ್ ಒಣಗಿದಾಗ 1ರಿಂದ 10 ಸೆಂಟಿಮೀಟರ್ ಅಗಲದ ಬಿರುಕು ಬೀಳುವುದು ಮಾಮೂಲು. ಆಳ 30 ಸೆಂಟಿಮೀಟರಿಗಿಂತ ಜಾಸ್ತಿಯೇ ಇರುತ್ತದೆ. ಬಹುತೇಕ ವರ್ಷಗಳಲ್ಲಿ ಎಲ್ಲ ಸೇರಿ 90ರಿಂದ 150 ದಿನ ಈ ಬಿರುಕುಗಳು ಬಾಯಿ ತೆರೆದೇ ಇರುತ್ತವೆ. ಮರ ಪಕ್ಕದಲ್ಲಿದ್ದರೆ ಬಿರುಕು ಇನ್ನೂ ಆಳ, ಯಾಕೆಂದರೆ ಬೇರು ಕೆಳಗಿನ ತೇವವನ್ನೂ ಎಳೆದುಕೊಳ್ಳುತ್ತದೆ.

ಈ ಮಣ್ಣು ತನ್ನನ್ನು ತಾನೇ ಉಳುತ್ತದೆ ಅನ್ನುತ್ತಾರೆ. ನಿಜವಾ?

ಅರ್ಧ ನಿಜ. ಬಿರುಕು ಬಿಟ್ಟಾಗ ಮೇಲಿನ ಪುಡಿಮಣ್ಣು, ಕಸಕಡ್ಡಿ ಒಳಗೆ ಬೀಳುತ್ತದೆ. ಮಳೆ ಬಂದು ಮಣ್ಣು ಉಬ್ಬಿದಾಗ ಕೆಳಗೆ ಜಾಗ ಸಾಲುವುದಿಲ್ಲ. ಆಗ ಮಣ್ಣಿನ ದೊಡ್ಡ ಹೆಂಟೆಗಳು ಒಂದನ್ನೊಂದು ತಳ್ಳಿ ಓರೆಯಾಗಿ ಜಾರುತ್ತವೆ. ಜಾರಿದ ಮುಖಗಳು ಉಜ್ಜಿ ಉಜ್ಜಿ ನುಣುಪಾಗಿ ಹೊಳೆಯುತ್ತವೆ. ಗುಂಡಿ ತೋಡಿದರೆ ಕೈಯಲ್ಲೇ ಸವರಿ ನೋಡಬಹುದು. ಇಂಥ ಮಣ್ಣನ್ನು ವಿಜ್ಞಾನಿಗಳು ವರ್ಟಿಸಾಲ್ ಎಂಬ ಗುಂಪಿಗೆ ಸೇರಿಸುತ್ತಾರೆ. ಈ ಹೊಳೆಯುವ ಮುಖಗಳು ಅದರ ಮುಖ್ಯ ಗುರುತುಗಳಲ್ಲಿ ಒಂದು.

ಆದರೆ ಮೇಲಿನದೆಲ್ಲ ಕೆಳಗೆ, ಕೆಳಗಿನದೆಲ್ಲ ಮೇಲೆ ಅಂತ ಪೂರ್ತಿ ಕಲಸಿಹೋಗುವುದಿಲ್ಲ. ಹಾಗಾಗಿದ್ದರೆ ಮೇಲೆ ಕಪ್ಪು, ಕೆಳಗೆ ತಿಳಿ ಬಣ್ಣ ಅನ್ನುವ ವ್ಯತ್ಯಾಸವೇ ಇರುತ್ತಿರಲಿಲ್ಲ. ಮಣ್ಣು ಹೆಚ್ಚಾಗಿ ಓರೆಯಾಗಿ ಜರುಗುತ್ತದೆ, ತಲೆಕೆಳಗಾಗುವುದು ಸ್ವಲ್ಪವೇ.

ಹಳೆಯ ಹುಲ್ಲುಗಾವಲಿನ ನೆಲ ಅಲೆ ಅಲೆಯಾಗಿ ಯಾಕಿದೆ?

ಮೇಲೆ ಹೇಳಿದ ಓರೆ ತಳ್ಳಾಟದ ಫಲವೇ ಅದು. ಕೆಲವು ಕಡೆ ನೆಲ ಉಬ್ಬುತ್ತದೆ, ಪಕ್ಕದಲ್ಲಿ ತಗ್ಗಾಗುತ್ತದೆ. ಉಬ್ಬು ತಗ್ಗಿಗಿಂತ 15ರಿಂದ 30 ಸೆಂಟಿಮೀಟರ್ ಎತ್ತರ. ಉಬ್ಬಿನ ನಡುವಿನಿಂದ ತಗ್ಗಿನ ನಡುವಿಗೆ ಕೆಲವೇ ಹೆಜ್ಜೆ. ವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ಗಿಲ್ಗಾಯ್ ಅಂತ ಹೆಸರು. ಟೆಕ್ಸಾಸಿನ ಹಳೆಯ ರೈತರು ಹಂದಿ ಹೊರಳಿದ ಗುಂಡಿ ಅನ್ನುತ್ತಿದ್ದರು.

ತಗ್ಗಿನಲ್ಲಿ ಮಣ್ಣು ಕಡುಕಪ್ಪು, ಆಳ ಜಾಸ್ತಿ, ಮಳೆನೀರು ದಿನಗಟ್ಟಲೆ ನಿಲ್ಲುತ್ತದೆ. ಉಬ್ಬಿನಲ್ಲಿ ಕೆಳಗಿನ ಸುಣ್ಣದ ಜೇಡಿ ಮೇಲಕ್ಕೆ ತಳ್ಳಿಸಿಕೊಂಡು ಬಂದಿರುತ್ತದೆ, ಬಣ್ಣ ತಿಳಿ. ಹುಲ್ಲಿನ ಜಾತಿಯೂ ಎರಡು ಕಡೆ ಬೇರೆ ಬೇರೆ. ಒಂದೇ ಗದ್ದೆಯಷ್ಟು ಜಾಗದಲ್ಲಿ ಹತ್ತಾರು ಪುಟ್ಟ ಕೊಳ ಮತ್ತು ದಿಬ್ಬ ಇದ್ದ ಹಾಗೆ. ಮಳೆನೀರು ಹರಿದು ಹೋಗದಂತೆ ತಡೆಯಲು ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಯಾವ ಎಂಜಿನಿಯರೂ ಮಾಡಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನೇಗಿಲು ಅದನ್ನು ಕೆಲವೇ ವರ್ಷಗಳಲ್ಲಿ ಸಮ ಮಾಡಿತು.

ಮಳೆ ಬಂದರೆ ನೀರು ಇಂಗುತ್ತದೋ, ಹರಿದು ಹೋಗುತ್ತದೋ?

ಎರಡೂ. ಒಣ ನೆಲದ ಮೇಲೆ ಮೊದಲ ಮಳೆ ಬಿದ್ದರೆ ಬಿರುಕುಗಳು ಗಟಗಟ ಕುಡಿಯುತ್ತವೆ. ತೇವ ನೇರ ಆಳಕ್ಕೇ ಹೋಗುತ್ತದೆ. ಆಮೇಲೆ ಜೇಡಿ ಉಬ್ಬಿ ಬಿರುಕು ಮುಚ್ಚುತ್ತದೆ. ಅಲ್ಲಿಂದ ಮುಂದೆ ನೀರು ಇಂಗುವುದು ತೀರಾ ನಿಧಾನ, ಬಹುತೇಕ ಹರಿದೇ ಹೋಗುತ್ತದೆ. ಡಲ್ಲಾಸ್ ಸುತ್ತಮುತ್ತ ಸತತ ಮಳೆ ಹಿಡಿದಾಗ ಸಣ್ಣ ಹಳ್ಳಗಳೂ ದಿಢೀರನೆ ಉಕ್ಕುವುದಕ್ಕೆ ಇದೂ ಒಂದು ಕಾರಣ.

ವೇಕೊ ಹತ್ತಿರದ ರೀಸೆಲ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ 1930ರ ದಶಕದಿಂದ ಈ ಮಣ್ಣಿನ ಮೇಲೆ ಹರಿಯುವ ನೀರನ್ನು ಅಳೆಯುತ್ತಾ ಬಂದಿದೆ. ಜಗತ್ತಿನ ನಾನಾ ದೇಶಗಳಲ್ಲಿ ನದಿಗಳ ಜಲಾನಯನ ಪ್ರದೇಶದ ನೀರಿನ ಲೆಕ್ಕಕ್ಕೆ ಬಳಸುವ ಸ್ವಾಟ್ ಎಂಬ ಕಂಪ್ಯೂಟರ್ ಮಾದರಿ ಹುಟ್ಟಿದ್ದೂ ಇದೇ ಪಟ್ಟಿಯ ಟೆಂಪಲ್ ಊರಿನಲ್ಲಿ. ನಮ್ಮ ದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಅದನ್ನು ಚೆನ್ನಾಗಿ ಬಲ್ಲರು.

ಎಲ್ಲ ಕಡೆ ಮಣ್ಣು ಅಷ್ಟೇ ಆಳವಾ?

ಇಲ್ಲ. ಬಿಳಿ ಚಾಕ್ ಮೇಲಿನ ಏರು ಜಾಗಗಳಲ್ಲಿ ಒಂದು ಗೇಣು, ಎರಡು ಗೇಣಿಗೇ ಕಲ್ಲು ಸಿಗುತ್ತದೆ. ಅಲ್ಲಿ ಎಡ್ಡಿ, ಸ್ಟೀಫನ್ ಅನ್ನುವ ಹೆಸರಿನ ಮಣ್ಣುಗಳಿವೆ. ಇಳಿಜಾರಿನಲ್ಲಿ ಹತ್ತಿ ಬೆಳೆದು ಮೇಲ್ಮಣ್ಣು ಕೊಚ್ಚಿಹೋದ ಕಡೆ ಉತ್ತ ಹೊಲದ ನಡುವೆ ಬಿಳಿ ತೇಪೆ ಕಾಣುತ್ತದೆ. ಡಲ್ಲಾಸಿನ ವೈಟ್ ರಾಕ್ ಕೆರೆಗೆ ಹೆಸರು ಬಂದದ್ದು ಈ ಬಿಳಿ ಕಲ್ಲಿನಿಂದಲೇ.

ಅಂದಹಾಗೆ, ಈ ಚಾಕ್ ಕೊರೆಯಲು ಸುಲಭ, ಕುಸಿಯುವುದೂ ಕಡಿಮೆ. ಡಲ್ಲಾಸಿನ ದಕ್ಷಿಣಕ್ಕೆ ವಾಕ್ಸಹಾಚಿ ಊರಿನ ಹತ್ತಿರ ಜಗತ್ತಿನ ಅತಿ ದೊಡ್ಡ ಕಣ ವೇಗವರ್ಧಕಕ್ಕಾಗಿ 20 ಕಿಲೋಮೀಟರಿಗೂ ಹೆಚ್ಚು ಸುರಂಗ ಕೊರೆದಿದ್ದರು. 1993ರಲ್ಲಿ ಅಮೆರಿಕದ ಸಂಸತ್ತು ಹಣ ನಿಲ್ಲಿಸಿತು. ಮೇಲೆ ಹೊಲ, ಕೆಳಗೆ ಅರ್ಧಕ್ಕೆ ನಿಂತ ಸುರಂಗ!

ಕರಿಬೇವಿನ ಗಿಡ ಹಳದಿಯಾಗುತ್ತಿದೆ. ಗೊಬ್ಬರ ಹಾಕಿದರೂ ಸರಿಹೋಗುತ್ತಿಲ್ಲ. ಯಾಕೆ?

ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ಸುಣ್ಣ ಜಾಸ್ತಿ ಇರುವುದರಿಂದ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7 ಅಂದರೆ ಎರಡೂ ಅಲ್ಲ) 8ರ ಆಸುಪಾಸು ಇರುತ್ತದೆ. ಅಷ್ಟು ಕ್ಷಾರದಲ್ಲಿ ಕಬ್ಬಿಣ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಸತು, ರಂಜಕಕ್ಕೂ ಇದೇ ಪಾಡು. ಮೇಲಿಂದ ನೀರು ನಿಂತು ಬೇರಿಗೆ ಗಾಳಿ ಸಿಗದಿದ್ದರೆ ಕೊರತೆ ಇನ್ನೂ ಜೋರಾಗುತ್ತದೆ.

ಗಂಧಕ ಹಾಕಿ ಪಿಎಚ್ ಇಳಿಸಿ ಅಂತ ಹೇಳುವವರಿದ್ದಾರೆ. ಇಲ್ಲಿ ಅದು ಸುಮ್ನೆ ದುಡ್ಡು ದಂಡ. ನೀವು ಹಾಕಿದ ಹುಳಿಯನ್ನೆಲ್ಲ ಮಣ್ಣಿನಲ್ಲಿರುವ ಸುಣ್ಣ ನುಂಗಿ ಹಾಕುತ್ತದೆ, ಕೆಳಗೆ ಇಡೀ ಬಂಡೆಯೇ ಇದೆಯಲ್ಲ. ಕರಿಬೇವು, ಮಲ್ಲಿಗೆಯನ್ನು ಕುಂಡದಲ್ಲಿ ಬೇರೆ ಮಣ್ಣು ಹಾಕಿ ಬೆಳೆಸುವುದೇ ಜಾಣತನ. ಚಳಿಗಾಲದಲ್ಲಿ ಒಳಗೆ ತರಲೂ ಅನುಕೂಲ. ನೆಲದಲ್ಲೇ ಬೇಕೆಂದರೆ ಕಬ್ಬಿಣದ ಕೀಲೇಟ್, ಅಂದರೆ ಕಬ್ಬಿಣವನ್ನು ಬೇರಿಗೆ ಸಿಗುವ ಹಾಗೆ ಹಿಡಿದಿಡುವ ಗೊಬ್ಬರ, ಕೊಡಬಹುದು. ಅದರಲ್ಲಿ ಇಡಿಡಿಎಚ್‌ಎ ಅನ್ನುವ ಬಗೆಯೇ ಇಂಥ ಸುಣ್ಣದ ಮಣ್ಣಿನಲ್ಲಿ ಕೆಲಸ ಮಾಡುವುದು. ಇಡಿಟಿಎ ಬಗೆ ಮಣ್ಣಿಗೆ ಹಾಕಿದರೆ ಬೇಗ ವ್ಯರ್ಥವಾಗುತ್ತದೆ.

ಹಾಗಂತ ಸುಣ್ಣ ಬರೀ ತೊಂದರೆ ಅಲ್ಲ. ಕ್ಯಾಲ್ಸಿಯಂ ಇರುವುದರಿಂದಲೇ ಜೇಡಿಯ ಕಣಗಳು ಗುಂಪು ಕಟ್ಟಿಕೊಂಡು ಮೇಲ್ಮಣ್ಣು ಒಣಗಿದಾಗ ಕಾಳು ಕಾಳಾಗಿ ಉದುರುತ್ತದೆ. ಸುಣ್ಣದ ಬದಲು ಸೋಡಿಯಂ ಜಾಸ್ತಿ ಇದ್ದಿದ್ದರೆ ಇದೇ ಜೇಡಿ ಕೆಸರಾಗಿ, ಒಣಗಿ ಇಟ್ಟಿಗೆಯಾಗಿ ಯಾವ ಬೇರಿಗೂ ದಾರಿ ಬಿಡುತ್ತಿರಲಿಲ್ಲ. ಪೋಷಕಾಂಶ ಹಿಡಿದಿಡುವ ಶಕ್ತಿಯೂ ಈ ಮಣ್ಣಿಗೆ ಬಹಳ. ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಮಳೆಗೆ ಎಲ್ಲ ತೊಳೆದುಹೋಗುತ್ತದೆ, ಇಲ್ಲಿ ಹಾಗಾಗುವುದಿಲ್ಲ.

ಮರಳು ಬೆರೆಸಿದರೆ ಹಗುರ ಆಗುತ್ತದಲ್ಲವಾ? ಜಿಪ್ಸಂ?

ಮರಳು ಬೇಡ. ಸ್ವಲ್ಪ ಮರಳು ಸೇರಿಸಿದರೆ ಜೇಡಿ ಅದರ ಸಂದಿಗಳಲ್ಲಿ ತುಂಬಿಕೊಂಡು ಇನ್ನೂ ಗಟ್ಟಿಯಾಗುತ್ತದೆ. ನಿಜವಾಗಿ ಬದಲಾವಣೆ ಆಗಬೇಕಾದರೆ ಜೇಡಿಗಿಂತ ಮರಳೇ ಜಾಸ್ತಿ ಬೇಕು, ಲಾರಿಗಟ್ಟಲೆ. ಜಿಪ್ಸಂ ಕೊಡುವುದು ಕ್ಯಾಲ್ಸಿಯಂ, ಅದು ಇಲ್ಲಿ ಬೇಕಾದಷ್ಟಿದೆ. ಸೋಡಿಯಂ ತೊಂದರೆ ಇದೆ ಅಂತ ಮಣ್ಣಿನ ಪರೀಕ್ಷೆ ಹೇಳಿದರೆ ಮಾತ್ರ ಜಿಪ್ಸಂ. ಅಡಿಕೆ ತೋಟಕ್ಕೆ ಸುಣ್ಣ ಹಾಕಿ ಅಭ್ಯಾಸ ಇರುವವರು ಆ ಅಭ್ಯಾಸ ಊರಿನಲ್ಲೇ ಬಿಟ್ಟು ಬನ್ನಿ.

ಕಾಂಪೋಸ್ಟ್ ಹಾಕಿ, ಪ್ರತಿ ವರ್ಷ ಹಾಕಿ. ಮೇಲೆ ಎಲೆ, ಹುಲ್ಲು ಹೊದಿಸಿ. ಡಲ್ಲಾಸ್ ಕಡೆಯ ತೋಟಗಾರರು ಸುಟ್ಟು ಉಬ್ಬಿಸಿದ ಶೇಲ್ (ಜೇಡಿ ಗಟ್ಟಿಯಾಗಿ ಆದ ಪದರಗಲ್ಲು) ಹರಳನ್ನೂ ಬೆರೆಸುತ್ತಾರೆ. ಅದು ಗಾಳಿಗೆ ಜಾಗ ಮಾಡಿಕೊಡುತ್ತದೆ. ಎಲ್ಲಕ್ಕಿಂತ ಮುಖ್ಯ, ಹದ ನೋಡಿ ಕೈ ಹಾಕಿ. ಹಸಿ ಇದ್ದಾಗ ಅಗೆದರೆ ಹೆಂಟೆ, ಒಣಗಿದಾಗ ಅಗೆದರೆ ಗುದ್ದಲಿಯೇ ಹಿಮ್ಮೆಟ್ಟುತ್ತದೆ. ನಡುವೆ ಕೆಲವೇ ದಿನ ಹದ ಸಿಗುತ್ತದೆ.

ಇಲ್ಲಿ ಹತ್ತಿ ಯಾಕೆ ಅಷ್ಟು ಬೆಳೆದರು?

1870ರ ದಶಕದಲ್ಲಿ ರೈಲು ಬಂತು, ಫಸಲು ಸಾಗಿಸಲು ದಾರಿಯಾಯಿತು. ಹುಲ್ಲಿನ ಬೇರಿನ ಹೆಣಿಗೆ ಕಡಿದು ಉಳಲು ಉಕ್ಕಿನ ನೇಗಿಲೂ ಇತ್ತು. ತೇವ ಹಿಡಿದಿಡುವ ಆಳವಾದ ಮಣ್ಣು ಹತ್ತಿಯ ತಾಯಿಬೇರಿಗೆ ಹೇಳಿ ಮಾಡಿಸಿದ್ದು. ಆದರೆ ಇದೇ ಸುಣ್ಣದ ಜೇಡಿಯಲ್ಲಿ ಹತ್ತಿಯ ಬೇರು ಕೊಳೆಸುವ ಒಂದು ಶಿಲೀಂಧ್ರ ಚೆನ್ನಾಗಿ ಬದುಕುತ್ತದೆ. ಬೇಸಿಗೆಯ ನಡುವೆ ಹಸಿರಾಗಿದ್ದ ಗಿಡ ಕೆಲವೇ ದಿನಗಳಲ್ಲಿ ನಿಂತಲ್ಲೇ ಒಣಗುತ್ತದೆ. ಬೆಂಡೆಗೂ, ಅನೇಕ ಹಣ್ಣಿನ ಮರಗಳಿಗೂ ಈ ರೋಗ ತಗಲುತ್ತದೆ. ಜೋಳ, ಮೆಕ್ಕೆಜೋಳದಂಥ ಹುಲ್ಲಿನ ಜಾತಿಯ ಬೆಳೆಗೆ ಮಾತ್ರ ಏನೂ ಮಾಡುವುದಿಲ್ಲ. ಇವತ್ತು ಈ ಪಟ್ಟಿಯಲ್ಲಿ ಮೆಕ್ಕೆಜೋಳ, ಜೋಳ, ಗೋಧಿ, ಹತ್ತಿ ಎಲ್ಲವೂ ಇವೆ.

ಹಾಗಾದರೆ ಇದು ನಮ್ಮ ಎರೆ ಮಣ್ಣೇ?

ಗುಣದಲ್ಲಿ ಒಂದೇ ಮನೆತನ. ವಿಜಯಪುರ, ಗದಗ, ಧಾರವಾಡದ ಎರೆಯೂ ವರ್ಟಿಸಾಲ್ ಗುಂಪಿನದೇ. ಅದೇ ಸ್ಮೆಕ್ಟೈಟ್, ಅದೇ ಬಿರುಕು, ಅದೇ ಕಪ್ಪು. ಹುಟ್ಟು ಮಾತ್ರ ಬೇರೆ. ಉತ್ತರ ಕರ್ನಾಟಕದ ಎರೆಯ ಬಹುಭಾಗ ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ ಕಲ್ಲಿನಿಂದ ಆದದ್ದು. ಎರೆಯೊಳಗೆ ಸಿಗುವ ಸುಣ್ಣದ ಹರಳು ಮಣ್ಣಿನಲ್ಲೇ ಕೂಡಿಕೊಂಡದ್ದು.

ಸುಣ್ಣಕಲ್ಲಿನ ನೆಲದ ಎರೆ ನೋಡಬೇಕಾದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಹೋಗಿ. ಮನೆಗೆ ಹಾಸುವ ಶಹಾಬಾದ್ ಕಲ್ಲು, ಸಿಮೆಂಟ್ ಕಾರ್ಖಾನೆಗೆ ಹೋಗುವ ಕಲ್ಲು ಎಲ್ಲ ಆ ಸುಣ್ಣಕಲ್ಲೇ. ಅದರ ಮೇಲಿನ ಕಪ್ಪು ಹೊಲದಲ್ಲಿ ತೊಗರಿ. ಆ ಕಲ್ಲು ಟೆಕ್ಸಾಸಿನ ಚಾಕ್‌ಗಿಂತ ಎಷ್ಟೋ ಹಳೆಯದು, ಗಟ್ಟಿ.

ಬೇಸಾಯದ ಲೆಕ್ಕವೂ ಬೇರೆ. ನಮ್ಮಲ್ಲಿ ಮುಂಗಾರಿನ ನೀರನ್ನು ಮಣ್ಣಿನಲ್ಲಿ ಕೂಡಿಟ್ಟು ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುತ್ತಾರೆ. ಆಮೇಲೆ ಮಳೆ ಬರದಿದ್ದರೂ ಬೆಳೆ ಬರುತ್ತದೆ. ಬಿರುಕಿನಿಂದ ತೇವ ಆರಿಹೋಗದಂತೆ ಎಡೆಕುಂಟೆ ಹೊಡೆದು ಮುಚ್ಚುತ್ತಾರೆ. ಟೆಕ್ಸಾಸಿನಲ್ಲಿ ಮಳೆ ವಸಂತ ಮತ್ತು ಶರತ್ಕಾಲಕ್ಕೆ ಹಂಚಿಹೋಗಿದೆ. ನಡುವಿನ ಜುಲೈ, ಆಗಸ್ಟ್ ಬಿಸಿಲು ಮಣ್ಣನ್ನು ಸೀಳುತ್ತದೆ. ಎಡೆಕುಂಟೆಯ ಉಪಾಯ ಮಾತ್ರ ಡಲ್ಲಾಸಿನ ಹಿತ್ತಲಿಗೂ ಚೆನ್ನಾಗಿ ಒಗ್ಗುತ್ತದೆ. ಬಿರುಕಿಗೆ ಪುಡಿಮಣ್ಣು, ಕಾಂಪೋಸ್ಟ್ ಎಳೆದು ಮುಚ್ಚಿ.

ಮನೆಯ ಗೋಡೆ ಬಿರುಕು ಬಿಟ್ಟಿದೆ, ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ. ಮಣ್ಣಿನಿಂದಲೇ?

ಬಹಳ ಸಲ ಹೌದು. ಮನೆಯ ಸುತ್ತಲಿನ ಮಣ್ಣು ಒಣಗಿ ಕುಗ್ಗುತ್ತದೆ, ನಡುವಿನದು ತೇವವಾಗಿಯೇ ಇರುತ್ತದೆ. ಅಂಚು ಇಳಿಯುತ್ತದೆ, ನಡು ಹಾಗೇ ನಿಲ್ಲುತ್ತದೆ. ಮಳೆಗಾಲದಲ್ಲಿ ಇದು ಉಲ್ಟಾ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು ಇದರ ಸಾಮಾನ್ಯ ಗುರುತು.

ಮಣ್ಣು ಒದ್ದೆಯಾದರೂ ಪರವಾಗಿಲ್ಲ, ಒಣಗಿದರೂ ಪರವಾಗಿಲ್ಲ, ಮನೆಯ ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಣ ಆಗಬಾರದು. ಅದಕ್ಕೇ ಇಲ್ಲಿಯವರು ಬೇಸಿಗೆಯಲ್ಲಿ ಅಡಿಪಾಯದ ಸುತ್ತ ಹನಿ ಪೈಪ್ ಹಾಕಿ ನೀರು ಕೊಡುತ್ತಾರೆ. ಪೈಪ್ ಗೋಡೆಗೆ ಅಂಟಿಕೊಂಡಿರಬಾರದು, ಒಂದು ಒಂದೂವರೆ ಅಡಿ ದೂರ ಇರಲಿ. ಬಿರುಕು ಬಿಟ್ಟ ಮೇಲೆ ಒಮ್ಮೆಲೇ ನೀರು ತುಂಬಿಸಬೇಡಿ. ಬಿರುಕು ಬೀಳುವ ಮುಂಚೆಯೇ ಸ್ವಲ್ಪ ಸ್ವಲ್ಪ ಕೊಡಿ. ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದೆ ದೂರ ಹೋಗಬೇಕು. ದೊಡ್ಡ ಮರ ಮನೆಗೆ ಒತ್ತಿಕೊಂಡು ಬೇಡ.

ರಿಪೇರಿ ಕಂಪನಿಯವರು ಬಂದು "ಹತ್ತು ಪಿಯರ್ (ಅಡಿಪಾಯಕ್ಕೆ ಕೆಳಗಿನಿಂದ ಕೊಡುವ ಆಧಾರದ ಕಂಬ) ಹಾಕಬೇಕು" ಅಂದ ಕೂಡಲೇ ಸಹಿ ಹಾಕಬೇಡಿ. ಮೊದಲು ರಿಪೇರಿ ಮಾಡದ, ಬರೀ ಸಲಹೆ ಕೊಡುವ ಸ್ಟ್ರಕ್ಚರಲ್ ಎಂಜಿನಿಯರ್ ಕೈಯಲ್ಲಿ ಅಳೆಸಿ. ಆ ಖರ್ಚು ದಂಡವಲ್ಲ. ವಿಮೆಯ ಪಾಲಿಸಿಯಲ್ಲಿ ಮಣ್ಣಿನ ಚಲನೆಯಿಂದಾದ ಹಾನಿ ಸೇರಿದೆಯೇ ಅಂತ ಮನೆ ಕೊಳ್ಳುವಾಗಲೇ ಓದಿಕೊಳ್ಳಿ.

ಮಣ್ಣಿನಲ್ಲೇ ಸುಣ್ಣ ಇದೆ. ಆದರೂ ರಸ್ತೆ ಮಾಡುವಾಗ ಮತ್ತೆ ಸುಣ್ಣ ಯಾಕೆ ಬೆರೆಸುತ್ತಾರೆ?

ಒಳ್ಳೆಯ ಪ್ರಶ್ನೆ. ಮಣ್ಣಿನಲ್ಲಿರುವುದು ಸುಣ್ಣಕಲ್ಲಿನ ಪುಡಿ, ಅದು ಹೆಚ್ಚು ಕಡಿಮೆ ನಿದ್ದೆಯಲ್ಲಿರುವ ವಸ್ತು. ರಸ್ತೆಗೆ ಹಾಕುವುದು ಸುಟ್ಟ ಸುಣ್ಣ. ಅದು ಮಣ್ಣಿನ ಪಿಎಚ್ ಅನ್ನು 12ರ ಮೇಲೆ ಏರಿಸುತ್ತದೆ. ಆಗ ಜೇಡಿಯ ಸಿಲಿಕಾ, ಅಲ್ಯುಮಿನಾ ಕರಗಿ ಸುಣ್ಣದ ಜೊತೆ ಸೇರಿ ಸಿಮೆಂಟಿನಂಥ ಬಂಧ ಕಟ್ಟುತ್ತದೆ. ಉಬ್ಬುವ ಗುಣ ಬಹಳ ಕಡಿಮೆಯಾಗುತ್ತದೆ. ಮಣ್ಣಿನಲ್ಲಿ ಸಲ್ಫೇಟ್ ಇದ್ದರೆ ಮಾತ್ರ ಇದು ತಿರುಗುಬಾಣ. ಹೊಸ ಹರಳು ಹುಟ್ಟಿ ರಸ್ತೆಯನ್ನೇ ಎತ್ತಿಬಿಡುತ್ತದೆ. ಅದಕ್ಕೆ ಮೊದಲು ಪರೀಕ್ಷೆ ಮಾಡುತ್ತಾರೆ.

ಹಳೆಯ ಹುಲ್ಲುಗಾವಲು ಎಲ್ಲಾದರೂ ಉಳಿದಿದೆಯಾ?

ಮೂಲದ ಶೇಕಡ 1ಕ್ಕಿಂತ ಕಡಿಮೆ. ಡಲ್ಲಾಸಿನ ಈಶಾನ್ಯಕ್ಕೆ ಹಂಟ್ ಕೌಂಟಿಯಲ್ಲಿ ಕ್ಲೈಮರ್ ಮೆಡೊ ಅನ್ನುವ ಜಾಗ ಇದೆ. ನೇಚರ್ ಕನ್ಸರ್ವೆನ್ಸಿ ಸಂಸ್ಥೆ ಕಾಪಾಡುತ್ತಿದೆ. ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್, ಸ್ವಿಚ್ ಗ್ರಾಸ್ ಅನ್ನುವ ಹುಲ್ಲುಗಳೆಲ್ಲ ಅಲ್ಲಿವೆ, ಗಿಲ್ಗಾಯ್ ಉಬ್ಬುತಗ್ಗೂ ಇದೆ. ಹಿಂದೆ ಇಂಥ ಹುಲ್ಲುಗಾವಲಲ್ಲಿ ಕಾಡೆಮ್ಮೆ ಮೇಯುತ್ತಿತ್ತು, ಆಗಾಗ ಬೆಂಕಿ ಬೀಳುತ್ತಿತ್ತು. ಅದರಿಂದ ಮರ ತಲೆ ಎತ್ತುತ್ತಿರಲಿಲ್ಲ. ಈಗ ಆ ಕೆಲಸವನ್ನು ಜನರೇ ಮುತುವರ್ಜಿಯಿಂದ ಬೆಂಕಿ ಹಾಕಿ ಮಾಡಬೇಕಾಗಿದೆ.

ನಮ್ಮ ಹಿತ್ತಲಿನದು ಈ ಮಣ್ಣೇ ಅಂತ ತಿಳಿಯುವುದು ಹೇಗೆ?

ಅಮೆರಿಕದ ಕೃಷಿ ಇಲಾಖೆಯ ವೆಬ್ ಸಾಯಿಲ್ ಸರ್ವೆ ಪುಟದಲ್ಲಿ ವಿಳಾಸ ಹಾಕಿದರೆ ಮಣ್ಣಿನ ಹೆಸರು ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಹೊಸ ಬಡಾವಣೆಗಳಲ್ಲಿ ಮಾತ್ರ ಅದನ್ನು ಪೂರ್ತಿ ನಂಬಬೇಡಿ. ಬಿಲ್ಡರುಗಳು ಮೇಲ್ಮಣ್ಣು ಕೆರೆದು ಬೇರೆ ಕಡೆಯ ಮಣ್ಣು ತುಂಬಿರುತ್ತಾರೆ.

ಕೈಯಲ್ಲೇ ನೋಡುವುದಾದರೆ ಒಂದು ಹಿಡಿ ಮಣ್ಣನ್ನು ನೀರು ಹಾಕಿ ನಾದಿ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಪಟ್ಟಿ ಮಾಡಿ. ಎರಡು ಇಂಚಿಗಿಂತ ಉದ್ದ ಬಂದು ಮುರಿಯದಿದ್ದರೆ ಗಟ್ಟಿ ಜೇಡಿ. ಇನ್ನೊಂದು ಒಣ ಹೆಂಟೆಗೆ ಅಡುಗೆಮನೆಯ ವಿನೆಗರ್ ಹನಿಸಿ. ಬುಸ್ ಅಂತ ನೊರೆ ಬಂದರೆ ಸುಣ್ಣ ಇದೆ. ನೊರೆ ಬರದಿದ್ದರೆ ಮೇಲೆ ಹೇಳಿದ ಕಬ್ಬಿಣದ ಚಿಂತೆ ನಿಮಗೆ ಅಷ್ಟಾಗಿ ಬೇಡ, ಆದರೆ ಉಬ್ಬಿ ಕುಗ್ಗುವ ಚಿಂತೆ ಇದ್ದೇ ಇದೆ.